ಮಗುವಿನ ವೈಯಕ್ತಿಕ ಶಿಕ್ಷಣ ಯೋಜನೆ ಹೇಗೆ ತೀರ್ಮಾನವಾಗುತ್ತದೆ? ಕಲಬುರಗಿ, ಬೀದರ್, ಯಾದಗಿರಿ ಪಾಲಕರು ಪದೇ ಪದೇ ಕೇಳುವ ಪ್ರಶ್ನೆಗಳು

ಮಗುವಿಗೆ ಸರಿಯಾಗಿ ಕೇಳಿಸುತ್ತಿಲ್ಲ, ಕಾಣಿಸುತ್ತಿಲ್ಲ, ನಡೆಯಲು ಆಗುತ್ತಿಲ್ಲ, ಮಾತು ಬಂದಿಲ್ಲ, ಓದು ತಲೆಗೆ ಹತ್ತುತ್ತಿಲ್ಲ ಎಂದು ಗೊತ್ತಾದ ಮೇಲೆ ಶಾಲೆಯಲ್ಲಿ ಅದಕ್ಕೆ ಯಾವ ನೆರವು ಸಿಗಬೇಕು? ಅದನ್ನು ಯಾರು, ಯಾವುದರ ಆಧಾರದ ಮೇಲೆ ನಿರ್ಧರಿಸುತ್ತಾರೆ? ಪಾಲಕರಿಗೆಂದೇ ಈ ಉತ್ತರಗಳನ್ನು ಬರೆದಿದ್ದೇವೆ. ತರಗತಿ ಶಿಕ್ಷಕರಿಗೂ ಅಂಗನವಾಡಿ ಕಾರ್ಯಕರ್ತೆಯರಿಗೂ ಉಪಯೋಗಕ್ಕೆ ಬರುತ್ತವೆ.

ಐಇಪಿ, ಐಇಪಿ ಅಂತಾರೆ. ಏನದು?

ವೈಯಕ್ತಿಕ ಶಿಕ್ಷಣ ಯೋಜನೆಯನ್ನೇ ಶಾಲೆಗಳಲ್ಲಿ ಚಿಕ್ಕದಾಗಿ ಐಇಪಿ ಎನ್ನುತ್ತಾರೆ. ಒಂದು ಮಗುವಿಗಾಗಿ, ಆ ಮಗುವಿನ ಹೆಸರಿನಲ್ಲೇ ಬರೆದ ಯೋಜನೆ. ಅದರಲ್ಲಿ ನಾಲ್ಕು ವಿಷಯ ಇರಲೇಬೇಕು: ಮಗು ಈಗ ಏನೇನು ಮಾಡಬಲ್ಲದು, ಮುಂದಿನ ಮೂರು-ನಾಲ್ಕು ತಿಂಗಳಲ್ಲಿ ಏನು ಕಲಿಯಬೇಕು, ಅದಕ್ಕಾಗಿ ಯಾರು ಯಾವ ದಿನ ಏನು ಮಾಡಬೇಕು, ಕಲಿತಿದೆ ಎಂದು ಹೇಗೆ ನೋಡಬೇಕು. ರೋಗದ ಹೆಸರು, ವೈಕಲ್ಯದ ಶೇಕಡಾವಾರು, ಆಧಾರ್ ಸಂಖ್ಯೆ ಮಾತ್ರ ತುಂಬಿದ ಹಾಳೆ ನಿಮ್ಮ ಕೈಗೆ ಬಂದಿದ್ದರೆ ಅದು ಮಾಹಿತಿ ನಮೂನೆ. ಯೋಜನೆ ಇನ್ನೂ ಬರೆದಿಲ್ಲ ಎಂದೇ ತಿಳಿಯಿರಿ.

ಇದು ನಮ್ಮ ಹಕ್ಕೋ, ಶಾಲೆಯವರು ಮನಸ್ಸು ಮಾಡಿದರೆ ಕೊಡುವಂಥದ್ದೋ?

ಹಕ್ಕು. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ 16ನೇ ಕಲಮಿನ ಪ್ರಕಾರ ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಪ್ರತಿ ಶಾಲೆಯೂ ಮಗುವನ್ನು ಭೇದವಿಲ್ಲದೆ ಸೇರಿಸಿಕೊಳ್ಳಬೇಕು, ಅದರ ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡಬೇಕು, ಪ್ರತಿ ವಿಕಲಚೇತನ ವಿದ್ಯಾರ್ಥಿಯ ಪ್ರಗತಿಯ ಮೇಲೆ ಕಣ್ಣಿಡಬೇಕು. 31ನೇ ಕಲಮು ಶೇ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವಿರುವ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣ ಕೊಡುತ್ತದೆ. ಹತ್ತಿರದ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ ಎಂಬ ಆಯ್ಕೆ ನಿಮ್ಮದು. ಶಿಕ್ಷಣ ಹಕ್ಕು ಕಾಯ್ದೆ 14 ವರ್ಷಕ್ಕೆ ನಿಲ್ಲುತ್ತದೆ, ಇದು 18ರವರೆಗೆ ಹೋಗುತ್ತದೆ. ಎಂಟನೇ ತರಗತಿ ಮುಗಿಯಿತು, ಇನ್ನು ಮನೆಯಲ್ಲಿರಲಿ ಎಂದು ಯಾರಾದರೂ ಹೇಳಿದರೆ ಈ ವ್ಯತ್ಯಾಸ ನೆನಪಿರಲಿ. ಹೆಣ್ಣುಮಕ್ಕಳ ವಿಷಯದಲ್ಲಂತೂ ಈ ಮಾತು ಬಹಳ ಬೇಗ ಬರುತ್ತದೆ.

ವೈಕಲ್ಯದ ಪ್ರಮಾಣಪತ್ರ ಇನ್ನೂ ಆಗಿಲ್ಲ. ಅದು ಬರುವವರೆಗೆ ಯೋಜನೆ ಮಾಡಲು ಬರುವುದಿಲ್ಲ ಎನ್ನುತ್ತಾರೆ. ನಿಜವೇ?

ಅಲ್ಲ. ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಸಮಯವಿದ್ದರೆ ಇದನ್ನೇ ಓದಿ.

ಪ್ರಮಾಣಪತ್ರ ಬೇಕಾಗುವುದು ಸೌಲಭ್ಯಗಳಿಗೆ: ಮಾಸಾಶನ, ಬಸ್ ಪಾಸ್, ವಿದ್ಯಾರ್ಥಿವೇತನ, ಪರೀಕ್ಷೆಯ ರಿಯಾಯಿತಿ. ಪಾಠ ಹೇಗೆ ಕಲಿಸಬೇಕು ಎಂದು ತೀರ್ಮಾನಿಸಲು ಬೇಕಾಗುವುದು ಮಗು ತರಗತಿಯಲ್ಲಿ ಏನು ಮಾಡುತ್ತದೆ, ಎಲ್ಲಿ ತಡವರಿಸುತ್ತದೆ ಎಂಬ ತಿಳಿವಳಿಕೆ. ಅದನ್ನು ಯಾವ ಆಸ್ಪತ್ರೆಯೂ ಬರೆದುಕೊಡುವುದಿಲ್ಲ. ಪ್ರಮಾಣಪತ್ರದಲ್ಲಿ ಶೇ 75 ವೈಕಲ್ಯ ಎಂದು ಬರೆದ ಇಬ್ಬರು ಮಕ್ಕಳಲ್ಲಿ ಒಬ್ಬಳು ತಾನೇ ಉಂಡು ಕೈತೊಳೆದು ಅಂಗಡಿಯಿಂದ ಸಾಮಾನು ತರಬಹುದು, ಇನ್ನೊಬ್ಬನಿಗೆ ಶೌಚಕ್ಕೆ ಹೋಗಬೇಕೆಂದು ಹೇಳಲೂ ಬಾರದಿರಬಹುದು. ಇಬ್ಬರಿಗೂ ಒಂದೇ ಯೋಜನೆ ಹೇಗೆ ಆದೀತು?

ಆಸ್ಪತ್ರೆಯ ಸರದಿ, ತಜ್ಞರು ಬರುವ ದಿನ, ಕಾಗದಪತ್ರ ಎಂದು ಒಂದು ಶೈಕ್ಷಣಿಕ ವರ್ಷ ಸರಿದುಹೋಗಲು ಬಹಳ ಹೊತ್ತು ಬೇಕಿಲ್ಲ. ಆರು ವರ್ಷದ ಮಗುವಿಗೆ ಆ ಒಂದು ವರ್ಷ ದೊಡ್ಡದು. ಆದ್ದರಿಂದ ಎರಡೂ ಕೆಲಸ ಒಟ್ಟಿಗೇ ನಡೆಯಲಿ: ಒಂದು ಕಡೆ ಪ್ರಮಾಣಪತ್ರದ ಅರ್ಜಿ, ಇನ್ನೊಂದು ಕಡೆ ಶಾಲೆಯಲ್ಲಿ ಯೋಜನೆ.

ಮೊದಲು ಯಾರನ್ನು ಕಾಣಬೇಕು?

ತರಗತಿ ಶಿಕ್ಷಕರನ್ನು, ಆಮೇಲೆ ಮುಖ್ಯಗುರುಗಳನ್ನು. ಒಂದು ಹಾಳೆಯಲ್ಲಿ ಮಗುವಿನ ಹೆಸರು, ತರಗತಿ, ಸ್ಯಾಟ್ಸ್ ಸಂಖ್ಯೆ (ಶಾಲಾ ದಾಖಲೆಯಲ್ಲಿ ಮಗುವಿಗೆ ಕೊಟ್ಟ ಸಂಖ್ಯೆ), ನೀವು ಕಂಡ ತೊಂದರೆ ಬರೆದು, ‘ನಮ್ಮ ಮಗುವಿನ ಮೌಲ್ಯಮಾಪನ ಮಾಡಿಸಿ ವೈಯಕ್ತಿಕ ಶಿಕ್ಷಣ ಯೋಜನೆ ತಯಾರಿಸಬೇಕು’ ಎಂದು ಕೇಳಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಸಹಿ, ಮೊಹರು, ತಾರೀಖು ಹಾಕಿಸಿಕೊಳ್ಳಿ. ಬಾಯಿಮಾತಿನಲ್ಲಿ ಕೇಳಿದ್ದು ಮುಖ್ಯಗುರುಗಳ ವರ್ಗಾವಣೆಯೊಂದಿಗೆ ಹೋಗಿಬಿಡುತ್ತದೆ. ಬರೆಯಲು ಬಾರದವರು ಶಾಲಾಭಿವೃದ್ಧಿ ಸಮಿತಿಯ, ಅಂದರೆ ಎಸ್‌ಡಿಎಂಸಿ ಸದಸ್ಯರಿಂದಲೋ, ಗ್ರಾಮ ಪಂಚಾಯಿತಿಯಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಂದಲೋ ಬರೆಸಬಹುದು.

ಮುಖ್ಯಗುರುಗಳು ಅದನ್ನು ಬ್ಲಾಕ್ ಸಂಪನ್ಮೂಲ ಕೇಂದ್ರಕ್ಕೆ, ಅಂದರೆ ಬಿಆರ್‌ಸಿಗೆ ಕಳಿಸುತ್ತಾರೆ. ಅಲ್ಲಿರುವ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರನ್ನು ಬಿಐಇಆರ್‌ಟಿ ಎಂದು ಕರೆಯುತ್ತಾರೆ. ಯೋಜನೆ ಬರೆಯುವುದರಲ್ಲಿ ತರಬೇತಿ ಪಡೆದವರು ಇವರೇ. ಕಾಳಗಿ, ಯಡ್ರಾಮಿ, ವಡಗೇರಾ, ಹುಣಸಗಿ, ಹುಲಸೂರಿನಂಥ ಹೊಸ ತಾಲೂಕಿನವರು, ಶಾಲೆ ಯಾವ ಬ್ಲಾಕಿನ ಕ್ಷೇತ್ರ ಶಿಕ್ಷಣಾಧಿಕಾರಿಯ, ಅಂದರೆ ಬಿಇಒ ಕಚೇರಿಗೆ ಸೇರಿದೆ ಎಂದು ಮುಖ್ಯಗುರುಗಳಲ್ಲಿ ಕೇಳಿಕೊಂಡೇ ಹೊರಡಿ. ತಹಶೀಲ್ದಾರ್ ಕಚೇರಿ ಒಂದು ಊರಲ್ಲಿ, ಬಿಇಒ ಕಚೇರಿ ಇನ್ನೊಂದು ಊರಲ್ಲಿ ಇದ್ದರೆ ಒಂದು ದಿನದ ಕೂಲಿ ಸುಮ್ಮನೆ ಹೋಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲಿನ ಕಾರಣಕ್ಕೆ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವುದು ವಾಡಿಕೆ. ಮಧ್ಯಾಹ್ನ ಹೋದರೆ ಬಾಗಿಲು ಹಾಕಿರುತ್ತದೆ.

ಮಗುವಿಗೆ ಇನ್ನೂ ಆರು ತುಂಬಿಲ್ಲವೇ? ಅಂಗನವಾಡಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡಕ್ಕೆ ತೋರಿಸಿ. ಈ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರಬೇಕು.

ಮೌಲ್ಯಮಾಪನದಲ್ಲಿ ಏನು ನೋಡುತ್ತಾರೆ? ಅದರಲ್ಲಿ ತಪ್ಪಾಗುವುದು ಎಲ್ಲಿ?

ಎರಡು ಹಂತ ಇವೆ. ಮೊದಲನೆಯದು ಶಾಲೆಯ ಮಟ್ಟದ ಪರಿಶೀಲನೆ. ಇದಕ್ಕೆ ಎನ್‌ಸಿಇಆರ್‌ಟಿಯ ‘ಪ್ರಶಸ್ತ್’ ಎಂಬ ಪ್ರಶ್ನಾವಳಿ ಇದೆ, ಮೊಬೈಲ್ ಆ್ಯಪ್ ಕೂಡ ಇದೆ. ಕಾಯ್ದೆ ಹೇಳುವ 21 ಬಗೆಯ ವೈಕಲ್ಯಗಳ ಲಕ್ಷಣಗಳನ್ನು ಶಿಕ್ಷಕರು ಅದರಲ್ಲಿ ಗುರುತು ಮಾಡುತ್ತಾರೆ. ಇದು ಅನುಮಾನವನ್ನಷ್ಟೇ ಹೇಳುತ್ತದೆ, ರೋಗ ಇಂಥದ್ದೇ ಎಂದು ಹೇಳುವುದಿಲ್ಲ. ಎರಡನೆಯದು ಬ್ಲಾಕ್ ಮಟ್ಟದ ತಪಾಸಣಾ ಶಿಬಿರ. ಅಲ್ಲಿ ವೈದ್ಯರು, ಕಿವಿ ಪರೀಕ್ಷೆ ಮಾಡುವ ಆಡಿಯಾಲಜಿಸ್ಟ್, ಮನಶ್ಶಾಸ್ತ್ರಜ್ಞರು, ಫಿಜಿಯೋಥೆರಪಿಸ್ಟ್ ನೋಡುತ್ತಾರೆ.

ನಮ್ಮ ಭಾಗದಲ್ಲಿ ತಪ್ಪಾಗುವುದು ಹೆಚ್ಚಾಗಿ ಭಾಷೆಯಿಂದ. ಮನೆಯಲ್ಲಿ ಲಂಬಾಣಿ ಮಾತಾಡುವ ತಾಂಡಾದ ಮಗು, ದಖನಿ ಮಾತಾಡುವ ಮಗು, ಔರಾದ್ ಅಥವಾ ಆಳಂದ ಗಡಿಯ ಮರಾಠಿ ಮಗು, ಗುರುಮಠಕಲ್ ಕಡೆಯ ತೆಲುಗು ಮಗುವಿಗೆ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಪ್ರಶ್ನೆ ಕೇಳಿ, ಉತ್ತರ ಬರಲಿಲ್ಲ ಎಂದು ಬುದ್ಧಿಮತ್ತೆ ಕಡಿಮೆ ಎಂದು ಬರೆದುಬಿಟ್ಟರೆ ಆ ಮಾತು ಮಗುವಿನ ಬೆನ್ನಿಗೆ ವರ್ಷಗಟ್ಟಲೆ ಅಂಟಿಕೊಳ್ಳುತ್ತದೆ. ಮನೆಮಾತಿನಲ್ಲೇ ಕೇಳಿ ಎಂದು ಹೇಳಲು ಹಿಂಜರಿಯಬೇಡಿ, ಬೇಕಾದರೆ ನೀವೇ ಪಕ್ಕದಲ್ಲಿ ಕುಳಿತು ಅನುವಾದ ಮಾಡಿ. ವರದಿಯಲ್ಲಿ ‘ಯಾವ ಭಾಷೆಯಲ್ಲಿ ಪರೀಕ್ಷಿಸಲಾಯಿತು’ ಎಂದು ಬರೆಸಿ.

ಇನ್ನೊಂದು ತಪ್ಪು, ಕಿವಿ-ಕಣ್ಣು ನೋಡದೆಯೇ ಬುದ್ಧಿಮತ್ತೆಯ ಪರೀಕ್ಷೆಗೆ ಕೂರಿಸುವುದು. ಕಿವಿ ಸೋರುತ್ತಿರುವ ಮಗುವಿಗೆ ಪ್ರಶ್ನೆಯೇ ಸರಿಯಾಗಿ ಕೇಳಿಸಿರುವುದಿಲ್ಲ. ಮೊದಲು ಕಿವಿ, ಆಮೇಲೆ ಕಣ್ಣು, ಆಮೇಲೆ ಉಳಿದದ್ದು. ಈ ಕ್ರಮ ಬಿಡಬೇಡಿ.

ಶೇಕಡಾವಾರು ಹೇಗೆ ಲೆಕ್ಕ ಹಾಕುತ್ತಾರೆ? ಕಾರ್ಡಿನ ಬಣ್ಣಕ್ಕೆ ಏನರ್ಥ?

ವಿಕಲಚೇತನರಿಗೆ ಕೊಡುವ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಮಗುವಿನ ಫೋಟೋ, ಆಧಾರ್, ವಿಳಾಸದ ದಾಖಲೆ ಸಾಕು. ಆಮೇಲೆ ಆಯ್ಕೆ ಮಾಡಿದ ಆಸ್ಪತ್ರೆಗೆ ಹೋಗಿ ತೋರಿಸಬೇಕು. ಜಿಲ್ಲಾ ಮಟ್ಟದ ದೊಡ್ಡ ಸರ್ಕಾರಿ ಆಸ್ಪತ್ರೆಗಳೆಂದರೆ ಕಲಬುರಗಿಯಲ್ಲಿ ಜಿಮ್ಸ್, ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್. ನಿಮಗೆ ಬೇಕಾದ ತಜ್ಞರು ಯಾವ ದಿನ ಕೂರುತ್ತಾರೆ ಎಂದು ಕೇಳಿಕೊಂಡು ಹೊರಡಿ. ಶೇ 40ಕ್ಕಿಂತ ಕಡಿಮೆ ಇದ್ದರೆ ಬಿಳಿ ಕಾರ್ಡು, 40ರಿಂದ 79 ಹಳದಿ, 80 ಮತ್ತು ಮೇಲ್ಪಟ್ಟು ನೀಲಿ.

ಬೌದ್ಧಿಕ ವೈಕಲ್ಯಕ್ಕೆ ವೈನ್‌ಲ್ಯಾಂಡ್ ಸಾಮಾಜಿಕ ಪ್ರೌಢತೆಯ ಮಾಪನದ ಅಂಕವೇ ಆಧಾರ: 55ರಿಂದ 69 ಬಂದರೆ ಶೇ 50, 36ರಿಂದ 54 ಬಂದರೆ ಶೇ 75, 21ರಿಂದ 35 ಬಂದರೆ ಶೇ 90, 20 ಮತ್ತು ಅದಕ್ಕಿಂತ ಕಡಿಮೆ ಬಂದರೆ ಶೇ 100. ಇದರ ಪ್ರಶ್ನೆಗಳಿಗೆ ಉತ್ತರ ಕೊಡುವವರು ನೀವೇ: ಮಗು ತಾನೇ ಬಟ್ಟೆ ಹಾಕಿಕೊಳ್ಳುತ್ತದೆಯೇ, ಹಣ ಎಣಿಸುತ್ತದೆಯೇ, ಓಣಿಯಲ್ಲಿ ಒಬ್ಬನೇ ಓಡಾಡುತ್ತಾನೆಯೇ. ಕಾರ್ಡು ಸಿಗಲಿ ಎಂದು ಕಡಿಮೆ ಮಾಡಿ ಹೇಳುವುದೂ ಬೇಡ, ಮರ್ಯಾದೆ ಹೋಗುತ್ತದೆ ಎಂದು ಹೆಚ್ಚಿಸಿ ಹೇಳುವುದೂ ಬೇಡ. ಇದ್ದದ್ದನ್ನು ಇದ್ದಂತೆ ಹೇಳಿ. ಐದು ವರ್ಷದೊಳಗಿನ ಮಕ್ಕಳಿಗೆ ಬೌದ್ಧಿಕ ವೈಕಲ್ಯ ಎಂದು ಬರೆಯುವುದಿಲ್ಲ, ಸಮಗ್ರ ಬೆಳವಣಿಗೆಯ ವಿಳಂಬ ಎಂದು ಬರೆಯುತ್ತಾರೆ. ಅದು ಸರಿಯಾದ ಕ್ರಮವೇ.

ಯೋಜನೆಯನ್ನು ಅಂತಿಮವಾಗಿ ಯಾರು ತೀರ್ಮಾನಿಸುತ್ತಾರೆ?

ಒಬ್ಬರೇ ತೀರ್ಮಾನಿಸುವಂತಿಲ್ಲ. ತರಗತಿ ಶಿಕ್ಷಕರು, ಬಿಐಇಆರ್‌ಟಿ, ಮುಖ್ಯಗುರುಗಳು ಮತ್ತು ಪಾಲಕರು ಒಟ್ಟಿಗೆ ಕುಳಿತು ಮಾಡಬೇಕು. ಸಾಧ್ಯವಾದರೆ ಹತ್ತಿರದ ಕೆಲವು ಶಾಲೆಗಳ ಗುಂಪನ್ನು, ಅಂದರೆ ಕ್ಲಸ್ಟರನ್ನು, ನೋಡಿಕೊಳ್ಳುವ ಸಿಆರ್‌ಪಿ ಇರಲಿ. ಮಗುವೂ ಇರಲಿ, ಸ್ವಲ್ಪ ಹೊತ್ತಾದರೂ. ಎಲ್ಲಿ ಕೂತರೆ ಬೋರ್ಡ್ ಕಾಣುತ್ತದೆ, ಯಾರ ಪಕ್ಕ ಕೂರಲು ಇಷ್ಟ, ಯಾವ ಸದ್ದಿಗೆ ಹೆದರಿಕೆ ಎಂಬುದನ್ನು ಮಗುವೇ ತೋರಿಸಬಲ್ಲದು.

ನಿಜದಲ್ಲಿ ಆಗುವುದು ಬೇರೆ. ಬಿಐಇಆರ್‌ಟಿಗೆ ಇಡೀ ಬ್ಲಾಕಿನ ಶಾಲೆಗಳನ್ನು ನೋಡಬೇಕು. ಹಾಗಾಗಿ ಬಿಆರ್‌ಸಿಯಲ್ಲೇ ಕುಳಿತು ಒಂದೇ ಬಗೆಯ ವಾಕ್ಯಗಳಲ್ಲಿ ಹಲವು ಮಕ್ಕಳ ಯೋಜನೆ ತುಂಬಿಬಿಡುವುದುಂಟು. ಅಂಥ ಯೋಜನೆ ತರಗತಿ ಶಿಕ್ಷಕರ ಮೇಜಿಗೆ ಬರುವುದೇ ಇಲ್ಲ. ದಿನಕ್ಕೆ ಐದು ತಾಸು ಮಗುವಿನ ಜೊತೆ ಇರುವವರು ತರಗತಿ ಶಿಕ್ಷಕರು. ಅವರು ಒಪ್ಪದ, ಅವರಿಗೆ ಗೊತ್ತಿಲ್ಲದ ಯೋಜನೆಯಿಂದ ಏನೂ ಆಗುವುದಿಲ್ಲ. ಹಾಗಾಗಿ ಸಹಿ ಮಾಡುವ ಮುನ್ನ ಒಂದೇ ಮಾತು ಕೇಳಿ: ‘ಸರ್, ನಾಳೆಯಿಂದ ತರಗತಿಯಲ್ಲಿ ಏನು ಬದಲಾಗುತ್ತದೆ?’ ಉತ್ತರ ಸಿಕ್ಕರೆ ಸಹಿ ಮಾಡಿ. ಖಾಲಿ ಹಾಳೆಗೆ ಸಹಿ ಮಾಡಬೇಡಿ. ಒಂದು ನಕಲು ಮನೆಗೆ ತನ್ನಿ.

ಒಳ್ಳೆಯ ಗುರಿ ಹೇಗಿರುತ್ತದೆ? ಒಂದು ಉದಾಹರಣೆ ಕೊಡಿ.

‘ಓದುವ ಸಾಮರ್ಥ್ಯ ಸುಧಾರಿಸಬೇಕು’ ಎಂಬುದು ಗುರಿಯಲ್ಲ, ಹಾರೈಕೆ. ಎಷ್ಟು ಸುಧಾರಿಸಿದೆ ಎಂದು ಯಾರೂ ಅಳೆಯಲಾರರು, ಸುಧಾರಿಸದಿದ್ದರೆ ಯಾರೂ ಹೊಣೆಯಲ್ಲ.

ಮೂರನೇ ತರಗತಿಯಲ್ಲಿರುವ, ಸೌಮ್ಯ ಪ್ರಮಾಣದ ಬೌದ್ಧಿಕ ವೈಕಲ್ಯ ಇರುವ ಒಬ್ಬ ಹುಡುಗಿಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಆಕೆ ಒಂದರಿಂದ ಹತ್ತು ಬಾಯಿಪಾಠ ಹೇಳುತ್ತಾಳೆ, ಆದರೆ ಏಳು ತೊಗರಿ ಕಾಳು ಕೊಡು ಎಂದರೆ ಹಿಡಿಗಟ್ಟಲೆ ಕೊಡುತ್ತಾಳೆ. ಚಟುವಟಿಕೆಯಿಂದ ಕಲಿಸುವ ನಲಿಕಲಿ ಪದ್ಧತಿಯ ಮೊದಲ ಗುಂಪಿನ ಅಕ್ಷರಗಳಲ್ಲಿ ರ, ಗ, ಸ ಗುರುತಿಸುತ್ತಾಳೆ. ದ, ಅ ಇನ್ನೂ ಬಂದಿಲ್ಲ. ಆಗ ಗುರಿಗಳನ್ನು ಹೀಗೆ ಬರೆಯಬಹುದು.

ಓದು: ದಸರಾ ರಜೆಯೊಳಗೆ ರ, ಗ, ಸ, ದ, ಅ ಅಕ್ಷರಗಳಿಂದಾದ ಸರ, ದಸರ, ಅರಸ, ಗರಗಸದಂಥ 10 ಪದಗಳಲ್ಲಿ 8ನ್ನು ಚಿತ್ರದ ನೆರವಿಲ್ಲದೆ ಓದುವುದು. ಮೂರು ಬೇರೆ ಬೇರೆ ದಿನ ಓದಿ ತೋರಿಸಿದರೆ ಬಂತೆಂದು ಲೆಕ್ಕ. ದಿನಕ್ಕೆ 10 ನಿಮಿಷ, ಪ್ರಾರ್ಥನೆ ಮುಗಿದ ಕೂಡಲೇ, ತರಗತಿ ಶಿಕ್ಷಕರಿಂದ.

ಲೆಕ್ಕ: 10ರವರೆಗೆ ಕೇಳಿದಷ್ಟು ವಸ್ತು ಎಣಿಸಿ ಕೊಡುವುದು. ಶಾಲೆಯಲ್ಲಿ ಬೆಣಚು ಕಲ್ಲು, ಮನೆಯಲ್ಲಿ ರೊಟ್ಟಿ. ಊಟಕ್ಕೆ ಕುಳಿತವರಿಗೆ ಎಷ್ಟು ಬೇಕೋ ಅಷ್ಟು ರೊಟ್ಟಿ ಬುಟ್ಟಿಯಿಂದ ಎಣಿಸಿ ತರುವ ಕೆಲಸ ಅವಳದೇ. ಇದರ ಹೊಣೆ ತಾಯಿಯದು.

ಸ್ವಾವಲಂಬನೆ: ಬಿಸಿಯೂಟದ ಮೊದಲು ಯಾರೂ ನೆನಪಿಸದೆ ಕೈತೊಳೆದು ಸಾಲಿಗೆ ಬರುವುದು. ವಾರದ 5 ದಿನಗಳಲ್ಲಿ 4 ದಿನ. ಮೊದಲ ಎರಡು ವಾರ ಗೆಳತಿ ಜೊತೆಗೆ ಹೋಗುತ್ತಾಳೆ, ಆಮೇಲೆ ದೂರದಿಂದ ಸನ್ನೆ ಮಾತ್ರ.

ಮೂರೇ ಗುರಿ. ಹೆಚ್ಚೆಂದರೆ ನಾಲ್ಕು. ಹದಿನೈದು ಗುರಿ ಬರೆದ ಯೋಜನೆಯನ್ನು ಯಾವ ಶಿಕ್ಷಕರೂ ನಡೆಸಲಾರರು. ಮಗು ಈಗಾಗಲೇ ಅರ್ಧ ಕಲಿತಿರುವುದನ್ನೇ ಮೊದಲ ಗುರಿ ಮಾಡಿ. ಅದು ಬೇಗ ಕೈಗೂಡುತ್ತದೆ, ಮಗುವಿಗೂ ಶಿಕ್ಷಕರಿಗೂ ಉತ್ಸಾಹ ಬರುತ್ತದೆ.

ನಲಿಕಲಿ ತರಗತಿಯಲ್ಲಿ ನಮ್ಮ ಮಗ ಯಾವಾಗಲೂ ಮೂಲೆಯಲ್ಲಿ ಒಬ್ಬನೇ ಕೂತಿರುತ್ತಾನೆ.

ನಲಿಕಲಿಯಲ್ಲಿ ಐದು ತಟ್ಟೆಗಳಿವೆ, ಅಂದರೆ ಮಕ್ಕಳು ಕೂರುವ ಐದು ಗುಂಪುಗಳು. ಶಿಕ್ಷಕರ ಪೂರ್ಣ ಬೆಂಬಲದ ತಟ್ಟೆಯಿಂದ ಸ್ವ-ಕಲಿಕೆಯ ತಟ್ಟೆಯವರೆಗೆ ಮಗು ಕಲಿತಂತೆಲ್ಲ ಸಾಗಬೇಕು. ಹೆಚ್ಚು ಬೆಂಬಲ ಬೇಕಾದ ಮಗುವನ್ನೇ ಗಲಾಟೆ ಮಾಡುತ್ತಾನೆಂದು ಐದನೇ ತಟ್ಟೆಗೆ ತಳ್ಳಿದರೆ ಆ ಪದ್ಧತಿಯ ಉದ್ದೇಶವೇ ತಲೆಕೆಳಗಾಗುತ್ತದೆ. ಯಾವ ವಿಷಯಕ್ಕೆ ಯಾವ ತಟ್ಟೆ, ಸಹಪಾಠಿ ಬೆಂಬಲದ ತಟ್ಟೆಯಲ್ಲಿ ಯಾವ ಮಗು ಜೊತೆಗಾರ ಎಂದು ಯೋಜನೆಯಲ್ಲೇ ಬರೆಸಿ. ಜೊತೆಗಾರರನ್ನು ತಿಂಗಳಿಗೊಮ್ಮೆ ಬದಲಿಸಲಿ. ಒಂದೇ ಮಗುವಿನ ಮೇಲೆ ಭಾರ ಹಾಕುವುದು ಅದಕ್ಕೂ ಅನ್ಯಾಯ.

ಶಿಬಿರದಲ್ಲಿ ಅಳತೆ ತೆಗೆದುಕೊಂಡು ಹೋದರು. ಸಾಧನ ಬಂದಾಗ ಅದು ಮಗುವಿಗೆ ಹಿಡಿಯಲೇ ಇಲ್ಲ.

ಬೆಳೆಯುವ ಮಕ್ಕಳಲ್ಲಿ ಇದು ಆಗೇ ಆಗುತ್ತದೆ. ಸಾಧನ ತಯಾರಿಸುವ ಕೇಂದ್ರ ಸರ್ಕಾರದ ಅಲಿಂಕೋ ಸಂಸ್ಥೆಯಿಂದ ಗಾಲಿಕುರ್ಚಿ, ಕಾಲಿಗೆ ಕಟ್ಟುವ ಕ್ಯಾಲಿಪರ್, ಶ್ರವಣ ಸಾಧನ ಬರುವಷ್ಟರಲ್ಲಿ ತಿಂಗಳುಗಳು ಕಳೆದಿರುತ್ತವೆ. ಸಾಧನ ಪಡೆಯುವಾಗ ಅಲ್ಲೇ ಹಾಕಿಸಿ, ನಡೆಸಿ ನೋಡಿ. ಬಿಗಿಯಾಗಿದ್ದರೆ ಸಹಿ ಮಾಡುವ ಮುನ್ನವೇ ಹೇಳಿ. ಕ್ಯಾಲಿಪರ್ ಬಿಚ್ಚಿ ಅರ್ಧ ಗಂಟೆಯಾದರೂ ಚರ್ಮದ ಕೆಂಪು ಹೋಗದಿದ್ದರೆ ಅದನ್ನು ಮತ್ತೆ ತೊಡಿಸಬೇಡಿ, ಹುಣ್ಣಾಗುತ್ತದೆ. ಸಾಧನ ಕೊಡುವ ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯಲ್ಲಿ ಅದೇ ಸಾಧನ ಮತ್ತೆ ಸಿಗಲು 3 ವರ್ಷ ಕಾಯಬೇಕು, ಆದರೆ 12 ವರ್ಷದೊಳಗಿನ ಮಕ್ಕಳಿಗೆ 1 ವರ್ಷ ಸಾಕು. ಇದು ಗೊತ್ತಿಲ್ಲದೆ ಚಿಕ್ಕದಾದ ಸಾಧನವನ್ನು ಅಟ್ಟಕ್ಕೆ ಹಾಕಿ ಸುಮ್ಮನಾಗುವವರು ಬಹಳ.

ಶ್ರವಣ ಸಾಧನದ ವಿಷಯ ಸ್ವಲ್ಪ ಹೆಚ್ಚೇ ಹೇಳಬೇಕು. ಅದು ಪೀಪಿಯಂತೆ ಸದ್ದು ಮಾಡುತ್ತಿದ್ದರೆ ಸಾಮಾನ್ಯವಾಗಿ ಕಿವಿಯೊಳಗಿನ ಅಚ್ಚು ಸಡಿಲಾಗಿರುತ್ತದೆ. ಮಗುವಿನ ಕಿವಿ ಬೆಳೆದಿದೆ, ಹೊಸ ಅಚ್ಚು ಬೇಕು. ಸಾಧನ ಕೆಟ್ಟಿದೆ ಎಂದು ತೆಗೆದಿಡಬೇಡಿ. ನಮ್ಮ ಬೇಸಿಗೆಯಲ್ಲಿ ಬೆವರು ಒಳಗೆ ಇಳಿದು ಸಾಧನ ಹಾಳಾಗುತ್ತದೆ. ರಾತ್ರಿ ಬ್ಯಾಟರಿ ತೆಗೆದು, ತೇವ ಹೀರುವ ಸಿಲಿಕಾ ಪೊಟ್ಟಣ ಹಾಕಿದ ಮುಚ್ಚಳದ ಡಬ್ಬಿಯಲ್ಲಿಡಿ. ‘ಬೆಳಿಗ್ಗೆ ಬ್ಯಾಟರಿ ಪರೀಕ್ಷೆ: ತಾಯಿ. ತರಗತಿಯಲ್ಲಿ ಮೊದಲ ಅವಧಿಗೆ ಹೆಸರು ಹಿಂದಿನಿಂದ ಕರೆದು ನೋಡುವುದು: ಶಿಕ್ಷಕರು’ ಎಂಬ ಒಂದು ಸಾಲು ಯೋಜನೆಯಲ್ಲಿ ಇದ್ದರೆ, ಸತ್ತ ಬ್ಯಾಟರಿ ಹಾಕಿಕೊಂಡು ಮಗು ತಿಂಗಳುಗಟ್ಟಲೆ ಕೂರುವುದು ತಪ್ಪುತ್ತದೆ.

ಶಾಲೆಯಲ್ಲಿ ಗಾಲಿಕುರ್ಚಿ ಹತ್ತಿಸಲು ಬೇಕಾದ ಇಳಿಜಾರಿನ (ರ್‍ಯಾಂಪ್) ಲೆಕ್ಕವನ್ನೂ ತಿಳಿದುಕೊಳ್ಳಿ. 1 ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು. ಕಟ್ಟೆ ಒಂದೂವರೆ ಅಡಿ ಇದ್ದರೆ 18 ಅಡಿ. ಜಾಗವಿಲ್ಲವೆಂದು 5 ಅಡಿಯಲ್ಲಿ ಮುಗಿಸಿದ ಇಳಿಜಾರಿನಲ್ಲಿ ಗಾಲಿಕುರ್ಚಿ ಹಿಂದಕ್ಕೆ ಮಗುಚುತ್ತದೆ. ಶೌಚಾಲಯಕ್ಕೂ ಇಳಿಜಾರು ಇದೆಯೇ ನೋಡಿ. ತರಗತಿಗೆ ಮಾತ್ರ ಮಾಡಿಸಿ ಶೌಚಾಲಯಕ್ಕೆ ಎರಡು ಮೆಟ್ಟಿಲು ಬಿಟ್ಟಿದ್ದರೆ, ಗಾಲಿಕುರ್ಚಿಯಲ್ಲಿರುವ ಹುಡುಗಿ ಮನೆಗೆ ಹೋಗುವವರೆಗೆ ನೀರೇ ಕುಡಿಯುವುದಿಲ್ಲ.

ಸಾಮಾನ್ಯ ಶಾಲೆಯೋ, ವಿಶೇಷ ಶಾಲೆಯೋ, ಮನೆಯಲ್ಲೇ ಶಿಕ್ಷಣವೋ?

ಪೂರ್ಣ ಕಿವುಡು ಅಥವಾ ಪೂರ್ಣ ಅಂಧತ್ವ ಇರುವ ಮಗುವಿಗೆ ಸನ್ನೆಭಾಷೆ, ಬ್ರೈಲ್ ಚೆನ್ನಾಗಿ ಬಲ್ಲ ಶಿಕ್ಷಕರು ಚಿಕ್ಕ ವಯಸ್ಸಿನಲ್ಲೇ ಸಿಗಬೇಕು. ಕಲಬುರಗಿಯಲ್ಲಿ ಸರ್ಕಾರಿ ಕಿವುಡ ಮಕ್ಕಳ ಶಾಲೆ, ಸರ್ಕಾರಿ ಅಂಧ ಮಕ್ಕಳ ಶಾಲೆ ಇವೆ. ಊರಿನ ಶಾಲೆಯಲ್ಲಿ ಅಂಥ ಶಿಕ್ಷಕರು ಇಲ್ಲದಿದ್ದರೆ ಇವನ್ನು ನೋಡಿ ಬರುವುದು ಒಳ್ಳೆಯದು. ಉಳಿದ ಹೆಚ್ಚಿನ ಮಕ್ಕಳಿಗೆ ನಮ್ಮ ಸಲಹೆ ಊರಿನ ಶಾಲೆಯೇ. ಓಣಿಯ ಮಕ್ಕಳು ಅಲ್ಲಿದ್ದಾರೆ, ದೊಡ್ಡವನಾದ ಮೇಲೂ ಅವನು ಬದುಕುವುದು ಅವರ ನಡುವೆಯೇ.

ತೀವ್ರ ಅಥವಾ ಬಹುವಿಧ ವೈಕಲ್ಯ ಇರುವ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣದ ಹಕ್ಕನ್ನು ಶಿಕ್ಷಣ ಹಕ್ಕು ಕಾಯ್ದೆಯ 2012ರ ತಿದ್ದುಪಡಿ ಕೊಟ್ಟಿದೆ. ಅದರಲ್ಲೂ ಹೆಸರು ಶಾಲೆಯ ಹಾಜರಾತಿಯಲ್ಲಿ ಇರಬೇಕು, ಯೋಜನೆ ಇರಬೇಕು, ಯಾವ ದಿನ ಯಾರು ಮನೆಗೆ ಬರುತ್ತಾರೆ ಎಂದು ಬರೆದಿರಬೇಕು. ಶಾಲೆಗೆ ಬರಬಲ್ಲ ಮಗುವನ್ನು ಕರೆತರುವುದು ಕಷ್ಟ ಎಂದು ಈ ಪಟ್ಟಿಗೆ ಸೇರಿಸುವುದುಂಟು. ಒಪ್ಪಬೇಡಿ, ಸಾರಿಗೆ ಭತ್ಯೆ, ಬೆಂಗಾವಲು ಭತ್ಯೆ ಇರುವುದು ಅದಕ್ಕೇ. ವಾರಕ್ಕೆರಡು ದಿನ ಶಾಲೆ, ಉಳಿದ ದಿನ ಮನೆ ಎಂಬ ಏರ್ಪಾಡನ್ನೂ ಕೇಳಬಹುದು.

ದೀಪಾವಳಿ ಆದಮೇಲೆ ನಾವು ಗುಳೆ ಹೋಗುತ್ತೇವೆ. ಯೋಜನೆ ಏನಾಗುತ್ತದೆ?

ಬೆಂಗಳೂರು, ಪುಣೆ, ಹೈದರಾಬಾದ್ ಎಂದು ದುಡಿಯಲು ಹೋಗುವ ಮನೆಗಳ ಮಕ್ಕಳಿಗೆ ಅತಿ ಹೆಚ್ಚು ನಷ್ಟವಾಗುವುದು ಇಲ್ಲೇ. ಹೊರಡುವ ಹದಿನೈದು ದಿನ ಮೊದಲು ಶಾಲೆಗೆ ತಿಳಿಸಿ. ಯೋಜನೆಯ ನಕಲು, ಯುಡಿಐಡಿ ಕಾರ್ಡು, ಆಸ್ಪತ್ರೆಯ ಚೀಟಿಗಳನ್ನು ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಕರ್ನಾಟಕದೊಳಗೆ ಹೋದರೆ ಅಲ್ಲಿನ ಸರ್ಕಾರಿ ಶಾಲೆ ಸ್ಯಾಟ್ಸ್ ಸಂಖ್ಯೆಯಿಂದ ಮಗುವಿನ ದಾಖಲೆ ನೋಡಬಹುದು. ಮೂರ್ಛೆರೋಗದ ಗುಳಿಗೆ ತೆಗೆದುಕೊಳ್ಳುವ ಮಗುವಾಗಿದ್ದರೆ ಗುಳಿಗೆಯ ಹೆಸರು, ಪ್ರಮಾಣ ಬರೆದ ಚೀಟಿ ಮಗುವಿನ ಚೀಲದಲ್ಲಿರಲಿ. ಊರು ಬದಲಾದಾಗ ಗುಳಿಗೆ ತಪ್ಪಿದರೆ ಅಪಾಯ.

ಅಜ್ಜ-ಅಜ್ಜಿಯ ಹತ್ತಿರ ಮಗುವನ್ನು ಬಿಟ್ಟು ಹೋಗುವುದಾದರೆ ಅವರನ್ನೂ ಸಭೆಗೆ ಕರೆದುಕೊಂಡು ಬನ್ನಿ. ಆ ಆರು ತಿಂಗಳು ರೊಟ್ಟಿ ಎಣಿಸುವುದನ್ನು ಕಲಿಸುವವರು ಅವರೇ ತಾನೇ.

ವರ್ಷಕ್ಕೆ 3,500 ರೂಪಾಯಿ ಮಗುವಿನ ಖಾತೆಗೆ ಬರಬೇಕಲ್ಲ?

ಆ ಮೊತ್ತ ನಗದಾಗಿ ಕೊಡುವಂಥದ್ದಲ್ಲ. ಸಮಗ್ರ ಶಿಕ್ಷಣ ಅಭಿಯಾನದಲ್ಲಿ ಪ್ರತಿ ವಿಶೇಷ ಅಗತ್ಯದ ಮಗುವಿನ ಲೆಕ್ಕದಲ್ಲಿ ವರ್ಷಕ್ಕೆ ಗರಿಷ್ಠ 3,500 ರೂಪಾಯಿ ನಿಗದಿಯಾಗಿದೆ. ಶಿಬಿರ, ಸಾಧನ, ಬ್ರೈಲ್ ಪುಸ್ತಕ, ಭತ್ಯೆ, ಚಿಕಿತ್ಸೆ ಎಲ್ಲ ಅದರಿಂದಲೇ. ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿಯಂತೆ 10 ತಿಂಗಳ ಪ್ರೋತ್ಸಾಹಧನ ಬೇರೆ ಇದೆ, ಅದು ಖಾತೆಗೆ ಬರುತ್ತದೆ. ಖಾತೆಗೆ ಆಧಾರ್ ಜೋಡಣೆ ಆಗಿರದಿದ್ದರೆ ಹಣ ಬರದೆ ಹೋಗುತ್ತದೆ.

ಖಾಸಗಿ ಶಾಲೆಯವರು ‘ಇಂಥ ಮಕ್ಕಳಿಗೆ ನಮ್ಮಲ್ಲಿ ವ್ಯವಸ್ಥೆ ಇಲ್ಲ’ ಎನ್ನುತ್ತಾರೆ.

ಮಾನ್ಯತೆ ಪಡೆದ ಶಾಲೆ ಹಾಗೆ ಹೇಳುವಂತಿಲ್ಲ. ಅದನ್ನೇ ಬರೆದು ಸಹಿ ಮಾಡಿಕೊಡಿ ಎಂದು ಕೇಳಿ.

ಮಗ ಎಲ್ಲದರಲ್ಲೂ ಚುರುಕು, ಓದು ಬರಹ ಮಾತ್ರ ಬರುವುದಿಲ್ಲ. ಇದಕ್ಕೂ ಯೋಜನೆ ಇದೆಯೇ?

ಇದೆ. ನಿರ್ದಿಷ್ಟ ಕಲಿಕಾ ನ್ಯೂನತೆ 21 ವೈಕಲ್ಯಗಳಲ್ಲಿ ಒಂದು. ಅದನ್ನು ಬೇಗ ಪತ್ತೆ ಮಾಡಿ ತಕ್ಕಂತೆ ಕಲಿಸುವುದು ಶಾಲೆಯ ಕರ್ತವ್ಯವೆಂದು ಕಾಯ್ದೆಯೇ ಹೇಳುತ್ತದೆ. ಪ್ರಮಾಣಪತ್ರ ಕೊಡುವುದು 8 ವರ್ಷ ತುಂಬಿದ ಮೇಲೆ. ನಿಮ್ಹಾನ್ಸ್ ರೂಪಿಸಿದ ಪರೀಕ್ಷಾ ಸರಣಿಯನ್ನು ಇದಕ್ಕೆ ಬಳಸುತ್ತಾರೆ. ಬುದ್ಧಿಮತ್ತೆ, ಕಣ್ಣು, ಕಿವಿ ಸರಿಯಿದೆಯೆಂದು ಮೊದಲು ಖಚಿತವಾಗಬೇಕು.

ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು ಎಂದಿರುವ ಮಗು ಓದಿನಲ್ಲಿ ತಡವಾದರೆ ಅದು ನ್ಯೂನತೆಯಲ್ಲ, ಭಾಷೆ ಕಲಿಯಲು ಬೇಕಾದ ಕಾಲ. ಮನೆಮಾತಿನಲ್ಲಿ ಕಥೆ ಕೇಳಿ ತಿರುಗಿ ಹೇಳಬಲ್ಲ, ಲೆಕ್ಕವನ್ನು ಬಾಯಲ್ಲಿ ಮಾಡಬಲ್ಲ, ಎರಡು ವರ್ಷ ಸರಿಯಾಗಿ ಕಲಿಸಿದರೂ ಒತ್ತಕ್ಷರ, ಕಾಗುಣಿತ ಕೂಡಿಸಲಾರ ಎಂದಾದರೆ ಪರೀಕ್ಷೆ ಮಾಡಿಸಿ. ಅಷ್ಟರೊಳಗೆ ಬಾಯಿಮಾತಿನಲ್ಲಿ ಉತ್ತರ ಹೇಳಲು ಬಿಡುವುದು, ಬೋರ್ಡಿನಿಂದ ನಕಲು ಮಾಡುವ ಕೆಲಸ ಅರ್ಧ ಮಾಡುವುದು, ಎಲ್ಲರ ಮುಂದೆ ಗಟ್ಟಿಯಾಗಿ ಓದಿಸದಿರುವುದು, ಇವು ಮೂರನ್ನೂ ಪ್ರಮಾಣಪತ್ರಕ್ಕಾಗಿ ಕಾಯದೆ ನಾಳೆಯಿಂದಲೇ ಮಾಡಬಹುದು.

ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಏನು ರಿಯಾಯಿತಿ?

ಬರೆಯುವ ಸಹಾಯಕರು, ಹೆಚ್ಚುವರಿ ಸಮಯ, ಭಾಷಾ ವಿಷಯದಲ್ಲಿ ವಿನಾಯಿತಿ. ಕೇಂದ್ರದ ಮಾರ್ಗಸೂಚಿಯ ಪ್ರಕಾರ ಹೆಚ್ಚುವರಿ ಸಮಯ ಗಂಟೆಗೆ ಕನಿಷ್ಠ 20 ನಿಮಿಷ. ಕೋರಿಕೆ ಶಾಲೆಯ ಮೂಲಕವೇ ಹೋಗಬೇಕು. ಅದನ್ನು ಪರೀಕ್ಷಾ ನೋಂದಣಿಯ ಹೊತ್ತಿಗೇ ಕಳಿಸಿ, ಪ್ರವೇಶಪತ್ರ ಬಂದ ಮೇಲೆ ಓಡಾಡಿದರೆ ತಡವಾಗುತ್ತದೆ. ಬೇರೆಯವರಿಗೆ ಹೇಳಿ ಬರೆಸುವುದೂ ಒಂದು ಕೌಶಲ. ಎಂಟನೇ ತರಗತಿಯಿಂದಲೇ ಸಂಕಲನಾತ್ಮಕ ಪರೀಕ್ಷೆಗಳಲ್ಲಿ ಅಭ್ಯಾಸ ಮಾಡಿಸಬೇಕೆಂದು ಯೋಜನೆಯಲ್ಲಿ ಸೇರಿಸಿ.

ಗ್ರಹಣದ ದಿನ ತಿಪ್ಪೆಯಲ್ಲಿ ಕುತ್ತಿಗೆಯವರೆಗೆ ಹೂಳಿದರೆ ಕೈಕಾಲು ಬರುತ್ತದೆ ಎಂದು ಹಿರಿಯರು ಹೇಳುತ್ತಾರೆ.

ದಯವಿಟ್ಟು ಮಾಡಬೇಡಿ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಹತ್ತಿರ ಮಕ್ಕಳನ್ನು ಹೀಗೆ ಹೂಳಿದ್ದು ಇಡೀ ದೇಶ ನೋಡಿತು. ಮಿದುಳಿನ ಪಾರ್ಶ್ವವಾಯು (ಸೆರೆಬ್ರಲ್ ಪಾಲ್ಸಿ) ಇರುವ ಮಗುವಿಗೆ ಮೊದಲೇ ಉಸಿರಾಟದ ಸ್ನಾಯು ದುರ್ಬಲವಾಗಿರಬಹುದು. ಎದೆಯ ಸುತ್ತ ಮಣ್ಣು ಒತ್ತಿದರೆ ಪುಪ್ಪುಸ ಹಿಗ್ಗುವುದಿಲ್ಲ. ಹರಕೆ ಹೊರುವುದು, ಬಂದೇನವಾಜರ ದರ್ಗಾಕ್ಕೋ ಶರಣಬಸವೇಶ್ವರರ ಗುಡಿಗೋ ಹೋಗುವುದು ನಿಮ್ಮ ನಂಬಿಕೆ, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಹೋಗಿ ಬಂದ ಮರುದಿನ ಫಿಜಿಯೋಥೆರಪಿ ತಪ್ಪಿಸಬೇಡಿ.

ಬರೆದಂತೆ ಏನೂ ನಡೆಯುತ್ತಿಲ್ಲ. ಯಾರಿಗೆ ಹೇಳಬೇಕು?

ಯೋಜನೆಯನ್ನು ವರ್ಷಕ್ಕೆ ಎರಡು ಸಲವಾದರೂ ಮರುಪರಿಶೀಲಿಸಬೇಕು: ದಸರಾ ರಜೆಯ ಮುನ್ನ ಒಮ್ಮೆ, ಮಾರ್ಚ್‌ನಲ್ಲಿ ಒಮ್ಮೆ. ಗುರಿ ಮುಟ್ಟದಿದ್ದರೆ ಮಗುವಿಗೆ ಆಗುವುದಿಲ್ಲ ಎಂದು ಬರೆದು ಕೈತೊಳೆದುಕೊಳ್ಳಬಾರದು. ಗುರಿ ದೊಡ್ಡದಾಯಿತೇ, ಕಲಿಸುವ ದಿನಗಳು ತಪ್ಪಿದವೇ, ಸಾಧನ ಕೆಟ್ಟಿತ್ತೇ ಎಂದು ಮೊದಲು ನೋಡಬೇಕು.

ನಡೆಯದಿದ್ದರೆ ಮುಖ್ಯಗುರುಗಳಿಗೆ, ಆಮೇಲೆ ಬಿಇಒಗೆ ಲಿಖಿತವಾಗಿ ಕೊಡಿ. ವಿಕಲಚೇತನ ಮಕ್ಕಳ ಪ್ರವೇಶ, ಸೌಲಭ್ಯ ನೋಡಿಕೊಳ್ಳಲು ಜಿಲ್ಲಾ ಶಿಕ್ಷಣ ಕಚೇರಿಯಲ್ಲಿ ಒಬ್ಬ ನೋಡಲ್ ಅಧಿಕಾರಿ ಇರಬೇಕೆಂದು ವಿಕಲಚೇತನರ ಹಕ್ಕುಗಳ ಕಾಯ್ದೆಯ 2017ರ ನಿಯಮ ಹೇಳುತ್ತದೆ. ಜಿಲ್ಲೆಯ ಶಿಕ್ಷಣ ಉಪನಿರ್ದೇಶಕರ, ಅಂದರೆ ಡಿಡಿಪಿಐ ಕಚೇರಿಯಲ್ಲಿ ಅವರು ಯಾರೆಂದು ಕೇಳಿ. ಅಲ್ಲೂ ಆಗದಿದ್ದರೆ ಬೆಂಗಳೂರಿನ ರಾಜ್ಯ ವಿಕಲಚೇತನರ ಆಯುಕ್ತರಿಗೆ ಅಂಚೆಯಲ್ಲಿ ದೂರು ಕಳಿಸಬಹುದು. ನಕಲು ಕೊಡಲು ಒಪ್ಪದಿದ್ದರೆ ಮಾಹಿತಿ ಹಕ್ಕು ಅರ್ಜಿಗೆ 10 ರೂಪಾಯಿ, ಉತ್ತರಕ್ಕೆ 30 ದಿನ. ಆದರೆ ಬಹಳಷ್ಟು ಸಲ ತರಗತಿ ಶಿಕ್ಷಕರ ಜೊತೆ ಅರ್ಧ ಗಂಟೆ ಶಾಂತವಾಗಿ ಕುಳಿತರೆ ದೂರಿನವರೆಗೆ ಹೋಗುವುದೇ ಬೇಕಾಗುವುದಿಲ್ಲ. ಅವರ ತರಗತಿಯಲ್ಲೂ ಹಲವು ಬಗೆಯ ಮಕ್ಕಳಿದ್ದಾರೆ, ಅವರಿಗೂ ಯಾರಾದರೂ ದಾರಿ ತೋರಿಸಬೇಕು.

ಸಭೆಗೆ ಹೋಗುವಾಗ ಏನು ಒಯ್ಯಬೇಕು?

ಕಿವಿ, ಕಣ್ಣಿನ ಪರೀಕ್ಷೆಯ ಚೀಟಿ, ತೆಗೆದುಕೊಳ್ಳುತ್ತಿರುವ ಗುಳಿಗೆಯ ಖಾಲಿ ಸ್ಟ್ರಿಪ್, ಮಗುವಿನ ಹಳೆಯ ನೋಟ್‌ಬುಕ್, ಬಳಸುತ್ತಿರುವ ಸಾಧನ. ಜೊತೆಗೆ ಮಗು ಮನೆಯಲ್ಲಿ ಮಾಡುವ ಯಾವುದಾದರೂ ಕೆಲಸವನ್ನು ಫೋನಿನಲ್ಲಿ ಒಂದೆರಡು ನಿಮಿಷ ಚಿತ್ರೀಕರಿಸಿಕೊಳ್ಳಿ: ಕುರಿ ಅಟ್ಟುವುದು, ತಮ್ಮನನ್ನು ಆಡಿಸುವುದು, ಹೂ ಕಟ್ಟುವುದು, ಏನಾದರೂ ಸರಿ. ಶಾಲೆಯಲ್ಲಿ ಬಾಯಿ ಬಿಡದ ಮಗು ಮನೆಯಲ್ಲಿ ಇಷ್ಟು ಮಾಡುತ್ತದೆಯೇ ಎಂದು ಶಿಕ್ಷಕರು ಅದನ್ನು ನೋಡಿದ ಮೇಲೆ ಗುರಿಗಳನ್ನು ಬರೆಯುವ ರೀತಿಯೇ ಬದಲಾಗುತ್ತದೆ.